ಮದ್ದು ತಪ್ಪಿದ್ದನ್ನು ಯಾರು ಹೇಳಬೇಕು?

1

ತಪ್ಪು ಮಾಡಿದವರು ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಮಾತನ್ನು ಅಲ್ಲ ಅನ್ನುವವರು ಯಾರೂ ಇಲ್ಲ. ಶಾಲೆಯ ನೀತಿಪಾಠದಲ್ಲಿ ಇದೆ, ಮಠದ ಪ್ರವಚನದಲ್ಲಿ ಇದೆ, ಅಧಿಕಾರಿಗಳ ಭಾಷಣದಲ್ಲಿ ಇದೆ. ಆದರೆ ಹೇಳುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ, ಒಪ್ಪಿಕೊಳ್ಳಬೇಕಾದವರು ಎಲ್ಲಿ ನಿಂತಿದ್ದಾರೆ ಅನ್ನೋದನ್ನ ಮಾತ್ರ ಯಾರೂ ಕೇಳೋದಿಲ್ಲ. ಜಮೀನ್ದಾರ ತನ್ನ ತಪ್ಪು ಒಪ್ಪಿಕೊಂಡರೆ ಊರು ಅದನ್ನು ದೊಡ್ಡತನ ಅನ್ನುತ್ತದೆ. ಅವನ ಆಳು ಒಪ್ಪಿಕೊಂಡರೆ ಅದೇ ಮಾತು ಅವನ ಮೇಲಿನ ಸಾಕ್ಷಿಯಾಗುತ್ತದೆ. ಹೇಳಿದ ಮಾತು ಒಂದೇ. ಒಬ್ಬನಿಗೆ ಶಾಲು, ಇನ್ನೊಬ್ಬನಿಗೆ ಹಗ್ಗ.

ಈ ಪ್ರಶ್ನೆಯನ್ನು ಆಸ್ಪತ್ರೆಯ ವಾರ್ಡಿನಲ್ಲಿಟ್ಟು ನೋಡಲು ಹೊರಟಿದ್ದೇನೆ. ಯಾಕೆಂದರೆ ಅಲ್ಲಿ ಕೈತಪ್ಪಿಗೆ ಜೀವವೇ ಬೆಲೆ. ನಮ್ಮ ಕಡೆ ಮದ್ದು ಅಂದರೆ ಔಷಧಿಯೂ ಹೌದು, ವಿಷವೂ ಹೌದು. 'ಮದ್ದು ಹಾಕಿಬಿಟ್ಟವ್ರೆ' ಅಂತ ಮುದುಕಿಯರು ಪಿಸುಗುಟ್ಟುವುದು ಇದೇ ಪದದಲ್ಲಿ. ಒಬ್ಬರ ಗುಳಿಗೆ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಒಂದು ಮಿಲಿಗ್ರಾಂ ಅನ್ನೋದು ಹತ್ತಾಗುತ್ತದೆ. ಮಾಂಸಕ್ಕೆ ಚುಚ್ಚಬೇಕಾದ್ದು ನರಕ್ಕೆ ಹೋಗುತ್ತದೆ. ಬೆಳಿಗ್ಗೆ ಕೊಟ್ಟದ್ದನ್ನು ಮಧ್ಯಾಹ್ನ ಇನ್ನೊಬ್ಬರು ಗೊತ್ತಿಲ್ಲದೆ ಮತ್ತೆ ಕೊಡುತ್ತಾರೆ. ಇದು ಹಿಂದುಳಿದ ದೇಶದ ಬಡ ಆಸ್ಪತ್ರೆಯ ಕತೆ ಮಾತ್ರ ಅಂದುಕೊಳ್ಳಬೇಡಿ. ಚಿಕಿತ್ಸೆಯಲ್ಲಾಗುವ ಬಗೆಬಗೆಯ ತಪ್ಪುಗಳಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆಂದು ಅಲ್ಲಿಯ ವೈದ್ಯವಿಜ್ಞಾನ ಸಂಸ್ಥೆಯೇ 1999ರಲ್ಲಿ ಅಂದಾಜು ಮಾಡಿತು. ಬರೀ ಔಷಧಿಯ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ 4,200 ಕೋಟಿ ಡಾಲರ್ ನಷ್ಟ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಲೆಕ್ಕ ಕೊಟ್ಟಿತು.

ಒಂದು ಇಂಜೆಕ್ಷನ್ ರೋಗಿಯ ಮೈಗೆ ಇಳಿಯುವ ಮೊದಲು ಎಷ್ಟು ಕೈ ದಾಟಿ ಬರುತ್ತದೆ ಅಂತ ಸುಮ್ಮನೆ ಎಣಿಸಿ ನೋಡಿ. ಕಾರ್ಖಾನೆಯಲ್ಲಿ ಒಬ್ಬ ಅದನ್ನು ತುಂಬುತ್ತಾನೆ, ಇನ್ನೊಬ್ಬ ಅದಕ್ಕೆ ಲೇಬಲ್ ಅಂಟಿಸುತ್ತಾನೆ. ಟೆಂಡರ್ ಕೂಗಿದವನು ಅಗ್ಗದ್ದನ್ನು ಕೊಳ್ಳುತ್ತಾನೆ. ಡಾಕ್ಟರು ಕೋಳಿ ಕೆದಕಿದ ಹಾಗೆ ಕೇಸ್ ಶೀಟಿನಲ್ಲಿ ಗೀಚುತ್ತಾರೆ. ಔಷಧಿ ಕೊಡುವ ಕಿಟಕಿಯಲ್ಲಿ 'ಅದಿಲ್ಲ, ಇದನ್ನ ತಗಳಿ' ಅನ್ನುತ್ತಾರೆ. ಕೊನೆಗೆ ಸಿರಿಂಜು ಹಿಡಿಯುವುದು ಒಬ್ಬ ನರ್ಸಿನ ಕೈ. ಎಲ್ಲರ ತಪ್ಪೂ ಹರಿದು ಬಂದು ಸೇರುವುದು ಆ ಕೈಗೆ. ರೋಗಿಯ ಕಡೆಯವರಿಗೆ ಕಾಣುವುದೂ ಆ ಕೈ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಗಾದೆ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲೇ ಇರಬಹುದು, ಅದು ಚೆನ್ನಾಗಿ ಒಪ್ಪುವುದು ಆಸ್ಪತ್ರೆಗೆ.

2

ದೂರದ ಒಂದು ನಿಜ ಸಂಗತಿಯನ್ನು ಹೇಳುತ್ತೇನೆ. ದೂರದ್ದಾದರೂ ಅದರ ಒಳಗಿನ ಲೆಕ್ಕ ನಮಗೆ ಹೊಸದಲ್ಲ.

2017ರ ಡಿಸೆಂಬರ್ ಕೊನೆ. ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆ. ತಲೆಯೊಳಗೆ ರಕ್ತಸ್ರಾವವಾಗಿ ಸೇರಿದ್ದ 75 ವರ್ಷದ ಹೆಂಗಸು ಚೇತರಿಸಿಕೊಳ್ಳುತ್ತಿದ್ದಳು. ಸ್ಕ್ಯಾನಿಂಗ್ ಮಾಡುವಾಗ ಗಾಬರಿಯಾಗದಿರಲಿ ಅಂತ 'ವರ್ಸೆಡ್' ಅನ್ನೋ ಸಮಾಧಾನದ ಔಷಧಿ ಬರೆದರು. ನರ್ಸ್ ರಡಾಂಡಾ ವಾಟ್ ಔಷಧಿಯ ಯಂತ್ರದ ಮುಂದೆ ಹೋಗಿ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದಳು. ಯಂತ್ರದಲ್ಲಿ ಆ ಔಷಧಿ ಇನ್ನೊಂದು ಹೆಸರಿನಲ್ಲಿತ್ತು, ಸಿಗಲಿಲ್ಲ. ತಡೆಯನ್ನು ದಾಟುವ ಗುಂಡಿ ಒತ್ತಿದಳು. ಅದೇ ಎರಡು ಅಕ್ಷರದಿಂದ ಶುರುವಾಗುವ 'ವೆಕ್ಯುರೋನಿಯಂ' ಹೊರಗೆ ಬಂತು. ಅದು ಮೈಯ ಸ್ನಾಯುಗಳನ್ನೆಲ್ಲ ಸ್ತಬ್ಧಗೊಳಿಸುವ ಔಷಧಿ. ಉಸಿರಾಡುವ ಸ್ನಾಯುವೂ ನಿಂತುಹೋಗುತ್ತದೆ. ಸೀಸೆಯ ಮುಚ್ಚಳದ ಮೇಲೆ ಎಚ್ಚರಿಕೆ ಬರೆದಿತ್ತು, ಆಕೆ ನೋಡಲಿಲ್ಲ. ಆ ತಾಯಿ ತೀರಿಕೊಂಡಳು.

ವಾಟ್ ಬಚ್ಚಿಡಲಿಲ್ಲ. ತಪ್ಪು ಗೊತ್ತಾದ ಕೂಡಲೆ ಡಾಕ್ಟರುಗಳಿಗೆ, ಮೇಲಿನವರಿಗೆ ಹೇಳಿದಳು. ನೀತಿಪಾಠ ಏನು ಮಾಡು ಅನ್ನುತ್ತದೋ ಅದನ್ನೇ ಮಾಡಿದಳು. ಆಮೇಲೆ ಏನಾಯಿತು? ಆಸ್ಪತ್ರೆ ಆಕೆಯನ್ನು ಕೆಲಸದಿಂದ ತೆಗೆಯಿತು. ಮರಣಪತ್ರದಲ್ಲಿ ಮಿದುಳಿನ ರಕ್ತಸ್ರಾವದಿಂದ ಸಾವು ಅಂತ ದಾಖಲಾಯಿತು, ಔಷಧಿಯ ಮಾತೇ ಇಲ್ಲ. ಸತ್ತವಳ ಮನೆಯವರ ಜೊತೆ ಆಸ್ಪತ್ರೆ ಕೋರ್ಟಿನ ಹೊರಗೇ ರಾಜಿ ಮಾಡಿಕೊಂಡಿತು. ಸರ್ಕಾರಕ್ಕೆ ವಿಷಯ ಮುಟ್ಟಿದ್ದು 2018ರಲ್ಲಿ, ಯಾರೋ ಹೆಸರಿಲ್ಲದೆ ಬರೆದ ಒಂದು ದೂರಿನಿಂದ. ಆಗ ಎಲ್ಲರೂ ಎಚ್ಚೆತ್ತರು. 2019ರಲ್ಲಿ ನರ್ಸಿನ ಮೇಲೆ ಕ್ರಿಮಿನಲ್ ಮೊಕದ್ದಮೆ ಬಿತ್ತು. 2021ರಲ್ಲಿ ಆಕೆಯ ಲೈಸೆನ್ಸ್ ಹೋಯಿತು. 2022ರ ಮಾರ್ಚಿನಲ್ಲಿ ಅಪರಾಧಿ ಅಂತ ತೀರ್ಪಾಯಿತು, ಮೇ ತಿಂಗಳಲ್ಲಿ ಮೂರು ವರ್ಷದ ಪ್ರೊಬೇಶನ್ ಶಿಕ್ಷೆ. ಔಷಧಿಯ ವಿಷಯವನ್ನು ಮರಣಪತ್ರದಿಂದ ದೂರವಿಟ್ಟ ಆಸ್ಪತ್ರೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ಇಲ್ಲ.

ಇಲ್ಲಿ ಅವಸರ ಮಾಡಬಾರದು. ಆಕೆಯ ತಪ್ಪು ಸಣ್ಣದಲ್ಲ. ಸೀಸೆಯ ಮೇಲಿದ್ದದ್ದನ್ನು ಓದಬೇಕಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯನ್ನು ನೋಡುತ್ತ ನಿಲ್ಲಬೇಕಿತ್ತು. ಆಕೆಯೇ ಇದನ್ನು ಅಲ್ಲ ಅನ್ನಲಿಲ್ಲ. ಆದರೆ ಒಂದು ಸಾವಿನ ಸುತ್ತ ಎರಡು ಬಗೆಯ ನಡವಳಿಕೆ ಇದ್ದವು. ಒಬ್ಬಳು ಹೇಳಿದಳು, ಒಂದು ಸಂಸ್ಥೆ ಹೇಳಲಿಲ್ಲ. ಹೇಳಿದವಳು ಕಟಕಟೆಯಲ್ಲಿ ನಿಂತಳು. ಇದನ್ನು ನೋಡಿದ ಬೇರೆ ನರ್ಸುಗಳು ಕಲಿತ ಪಾಠ ಯಾವುದು? ಸೀಸೆ ನೋಡಿ ಕೊಡಬೇಕು ಅನ್ನೋದೋ, ಬಾಯಿ ಬಿಡಬಾರದು ಅನ್ನೋದೋ?

ಪಕ್ಕದ ಕೆಂಟಕಿ ರಾಜ್ಯ ಈ ಪಾಠದ ಅಪಾಯ ಕಂಡುಕೊಂಡಿತು. ಘೋರ ನಿರ್ಲಕ್ಷ್ಯ ಅಥವಾ ಬೇಕೆಂದೇ ಮಾಡಿದ ಕೇಡು ಬಿಟ್ಟು, ಕೆಲಸದ ನಡುವಿನ ತಪ್ಪಿಗೆ ಆರೋಗ್ಯ ಸಿಬ್ಬಂದಿಯನ್ನು ಕ್ರಿಮಿನಲ್ ಕೋರ್ಟಿಗೆ ಎಳೆಯಬಾರದು ಅಂತ 2024ರಲ್ಲಿ ಕಾನೂನು ಮಾಡಿತು.

3

ಇನ್ನು ನಮ್ಮ ಕಾನೂನಿಗೆ ಬರೋಣ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣವಾದರೆ ಎರಡು ವರ್ಷದವರೆಗೆ ಶಿಕ್ಷೆ. ಲಾರಿ ಡ್ರೈವರಿಗೂ ಅಷ್ಟೆ, ಡಾಕ್ಟರಿಗೂ ಅಷ್ಟೆ, ನರ್ಸಿಗೂ ಅಷ್ಟೆ. 2005ರಲ್ಲಿ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಡಾಕ್ಟರುಗಳ ಸಾಮಾನ್ಯ ತಪ್ಪನ್ನೆಲ್ಲ ಅಪರಾಧ ಅನ್ನಬಾರದು, ನಿರ್ಲಕ್ಷ್ಯ ಘೋರವಾಗಿದ್ದರೆ ಮಾತ್ರ ಕ್ರಿಮಿನಲ್ ಕ್ರಮ ಅಂತ ಹೇಳಿತು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 106ನೇ ಕಲಮಿನ ಮೊದಲನೆಯ ಉಪಕಲಮನ್ನು ಓದಿ ನೋಡಿ. ನಿರ್ಲಕ್ಷ್ಯದಿಂದ ಸಾವು ತಂದರೆ ಐದು ವರ್ಷದವರೆಗೆ ಶಿಕ್ಷೆ. ಆದರೆ ಚಿಕಿತ್ಸೆ ನಡೆಸುವಾಗ ಅದನ್ನು ಮಾಡಿದವರು ನೋಂದಾಯಿತ ವೈದ್ಯರಾಗಿದ್ದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಅಂದರೆ ಯಾರು ಅಂತಲೂ ಅಲ್ಲೇ ವಿವರಣೆ ಕೊಟ್ಟಿದ್ದಾರೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ ಪ್ರಕಾರ ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರು. ನರ್ಸಿನ ಹೆಸರು ಇರುವುದು ಬೇರೆ ರಿಜಿಸ್ಟರಿನಲ್ಲಿ.

ಅಂದರೆ ಒಂದೇ ವಾರ್ಡು, ಒಂದೇ ಮಂಚ, ಒಂದೇ ಸಾವು. ತಪ್ಪು ಬರೆದ ಕೈಗೆ ಎರಡು ವರ್ಷದವರೆಗೆ, ಬರೆದದ್ದನ್ನು ಕೊಟ್ಟ ಕೈಗೆ ಐದು ವರ್ಷದವರೆಗೆ.

ಒಂದೇ ಅಪರಾಧಕ್ಕೆ ಆಳು ನೋಡಿ ಶಿಕ್ಷೆ ಅಳೆಯುವ ತಕ್ಕಡಿ ನಮಗೆ ಹೊಸದಲ್ಲ. ಮನುವಿನ ಕಾಲದಿಂದ ಅದರ ತೂಕ ನಮ್ಮ ಬೆನ್ನಿಗೆ ಗೊತ್ತು. ಇದು ಹುಟ್ಟಿನ ಲೆಕ್ಕ ಅಲ್ಲಪ್ಪ, ಪದವಿಯ ಲೆಕ್ಕ ಅಂತ ಯಾರಾದರೂ ಹೇಳಬಹುದು. ಒಪ್ಪೋಣ. ಡಾಕ್ಟರುಗಳಿಗೆ ರಿಯಾಯಿತಿ ಯಾಕೆ ಅಂತ ಕೇಳಿದರೆ, ಹೆದರಿಕೆಯಲ್ಲಿ ಕೈ ನಡುಗಿದರೆ ಚಿಕಿತ್ಸೆ ನಡೆಯೋದಿಲ್ಲ ಅನ್ನುತ್ತಾರೆ. ಸರಿಯಾದ ಮಾತೇ. ಹಾಗಾದರೆ ನರ್ಸಿನ ಕೈ ನಡುಗೋದಿಲ್ಲವೆ? ಡಾಕ್ಟರ ಹೆದರಿಕೆ ದೇಶದ ಸಮಸ್ಯೆ, ನರ್ಸಿನ ಹೆದರಿಕೆ ಅವಳ ಮನೆಯ ಸಮಸ್ಯೆಯೋ?

ಈ ದೇಶದಲ್ಲಿ ಮಲಮೂತ್ರ ಬಳಿಯುವ, ಕೀವು ಒರೆಸುವ, ಕಂಡವರ ಮೈ ಮುಟ್ಟುವ ಕೆಲಸಕ್ಕೆ ಮೈಲಿಗೆಯ ಹೆಸರಿತ್ತು. ಅದಕ್ಕೇ ಮೇಲಿನವರು ತಮ್ಮ ಹೆಣ್ಣುಮಕ್ಕಳನ್ನು ನರ್ಸಿಂಗಿಗೆ ಬಿಡಲಿಲ್ಲ. ಮಿಶನ್ ಆಸ್ಪತ್ರೆಗಳ ಕ್ರೈಸ್ತ ಹೆಣ್ಣುಮಕ್ಕಳು, ಗತಿ ಕಾಣದ ವಿಧವೆಯರು ಆ ಕೆಲಸಕ್ಕೆ ಮೊದಲು ಬಂದರು. ಜಾತಿ ಕೆಲಸವನ್ನಷ್ಟೇ ಹಂಚೋದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಮೆಟ್ಟಿಲ ಮೇಲೆ ನಿಲ್ಲಿಸುತ್ತದೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಆಸ್ಪತ್ರೆಯ ಮೆಟ್ಟಿಲನ್ನೂ ಹಾಗೇ ನೋಡಬೇಕು. ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ಆಜ್ಞೆ ಇಳಿಯುತ್ತದೆ, ಆಜ್ಞೆಯ ಜೊತೆಗೇ ತಪ್ಪೂ ಇಳಿಯುತ್ತದೆ. ಡಾಕ್ಟರು ಸಿಸ್ಟರಿಗೆ, ಸಿಸ್ಟರು ಆಯಾಗೆ, ಆಯಾ ಕಸ ಗುಡಿಸುವವಳಿಗೆ.

4

ಈ ಮೆಟ್ಟಿಲಿನ ಮೇಲೆ ನಿಂತವರು ತಪ್ಪನ್ನು ಹೇಳುತ್ತಾರೆಯೇ? ನಮ್ಮ ಕೇರಿಯಿಂದ ನರ್ಸಿಂಗ್ ಓದಿದ ಅಕ್ಕ ಒಬ್ಬಳಿದ್ದಾಳೆ. ಒಂದು ಊರಿನ ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ. ಜನರಲ್ ವಾರ್ಡಿನಲ್ಲಿ 6 ರೋಗಿಗಳಿಗೆ 1 ನರ್ಸ್ ಇರಬೇಕು ಅಂತ ಕೇಂದ್ರ ಸರ್ಕಾರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ಟಿನ ಅಳತೆ ಇದೆ. ಆ ರಾತ್ರಿ ಅವಳ ಪಾಲಿಗೆ ನಲವತ್ತು ಜನ. ಒಂದು ಇಂಜೆಕ್ಷನ್ ಕರಗಿಸಲು ಟ್ರೇಯಿಂದ ನೀರಿನ ಆಂಪೂಲ್ ತೆಗೆದುಕೊಂಡಳು. ಮುರಿಯುವ ಮೊದಲು ಯಾಕೋ ಬೆಳಕಿಗೆ ಹಿಡಿದು ನೋಡಿದರೆ ಅದು ಪೊಟ್ಯಾಸಿಯಂ ಕ್ಲೋರೈಡ್. ಅದೂ ನೀರಿನ ಹಾಗೇ ಇರುತ್ತದೆ, ಅಷ್ಟೇ ಗಾತ್ರ. ಹಾಗೇ ನೇರ ನರಕ್ಕೆ ಹೋದರೆ ಹೃದಯ ನಿಂತುಬಿಡುತ್ತದೆ.

'ಯಾರಿಗಾದ್ರೂ ಹೇಳಿದ್ಯಾ ಅಕ್ಕಾ?' ಅಂತ ಕೇಳಿದೆ.

'ಆಗದೇ ಇರೋ ತಪ್ಪಿಗೆ ಮೆಮೊ ಇಸ್ಕೊಳ್ಳೋಕೆ ನಂಗೇನ್ ಹುಚ್ಚೇನೋ? ಮಾರ್ಚಿಗೆ ಗುತ್ತಿಗೆ ಮುಗೀತದೆ. ಮುಂದಿನ ಆರ್ಡರ್‌ಗೆ ಅವ್ರೇ ಸೈನ್ ಹಾಕ್ಬೇಕು' ಅಂದಳು.

ಅವಳ ಮಾತಿಗೆ ನಾನು ಉತ್ತರ ಕೊಡಲಾರದೆ ಹೋದೆ. ಆದರೆ ಅವಳಿಗೂ ನನಗೂ ಗೊತ್ತಿತ್ತು, ಆ ಟ್ರೇ ಅಲ್ಲೇ ಇದೆ. ಮರುದಿನ ರಾತ್ರಿ ಇನ್ನೊಂದು ಹುಡುಗಿಯ ಕೈ ಅದೇ ಟ್ರೇಗೆ ಹೋಗುತ್ತದೆ. ಅವಳು ಬೆಳಕಿಗೆ ಹಿಡಿದು ನೋಡುತ್ತಾಳೋ ಇಲ್ಲವೋ.

ಹೇಳಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಇದೇ ಆಂಪೂಲು ಸಾಕ್ಷಿ ನುಡಿಯುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಶನ್ ಅನ್ನೋ ಸಂಸ್ಥೆ, ತನಗೆ ಬಂದ ವರದಿಗಳನ್ನು ಒಟ್ಟಿಗಿಟ್ಟು ನೋಡಿ 1998ರಲ್ಲಿ ತನ್ನ ಮೊದಲ ಎಚ್ಚರಿಕೆ ಪತ್ರ ಹೊರಡಿಸಿತು. ಅದು ಪೊಟ್ಯಾಸಿಯಂ ಕ್ಲೋರೈಡಿನದು. 10 ಸಾವುಗಳ ವರದಿ ಇತ್ತು. 8ರಲ್ಲಿ ಗಟ್ಟಿ ದ್ರಾವಣವನ್ನು ನೇರ ನರಕ್ಕೆ ಕೊಟ್ಟಿದ್ದರು. ಆ 8ರಲ್ಲಿ 6, ಸೀಸೆ ಮತ್ತು ಲೇಬಲ್ಲು ಒಂದೇ ಥರ ಕಂಡು ಬೇರೆ ಔಷಧಿ ಅಂದುಕೊಂಡದ್ದರಿಂದ ಆದದ್ದು. ಒಂದೊಂದು ಊರಿನಲ್ಲಿ ಒಂದೊಂದು ಸಾವಾಗಿದ್ದಾಗ ಅದು ಒಬ್ಬ ನರ್ಸಿನ ಅಜಾಗರೂಕತೆ. ಹತ್ತನ್ನೂ ಸಾಲಾಗಿಟ್ಟ ಮೇಲೆ ಗೊತ್ತಾಯಿತು, ಕೊಲ್ಲುತ್ತಿದ್ದದ್ದು ಆ ಸೀಸೆಯನ್ನು ವಾರ್ಡಿನ ಟ್ರೇಯಲ್ಲಿ ಇಡುವ ಪದ್ಧತಿ. ಸಲಹೆ ಸರಳವಾಗಿತ್ತು: ಅದನ್ನು ವಾರ್ಡಿನಿಂದ ತೆಗೆಯಿರಿ, ಔಷಧಿ ವಿಭಾಗದಲ್ಲೇ ತೆಳುಮಾಡಿ ಕಳಿಸಿ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 2001ರಲ್ಲಿ 18 ವರ್ಷದ ಹುಡುಗನೊಬ್ಬ ಸತ್ತ. ರಕ್ತದ ಕ್ಯಾನ್ಸರಿಗೆ ನರಕ್ಕೆ ಮಾತ್ರ ಕೊಡಬೇಕಾದ ವಿನ್‌ಕ್ರಿಸ್ಟಿನ್ ಅನ್ನೋ ಔಷಧಿಯನ್ನು ಬೆನ್ನುಹುರಿಗೆ ಚುಚ್ಚಿದ್ದರು. ಈ ಸಲ ಜೈಲಿಗೆ ಹೋದವನು ಡಾಕ್ಟರು, 2003ರಲ್ಲಿ. ಆದರೆ ಅದೇ ತಪ್ಪು ಅದಕ್ಕೂ ಮುಂಚೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಆಗಿತ್ತು, ಆಮೇಲೆ ಬೇರೆ ದೇಶಗಳಲ್ಲೂ ಆಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಕೊಡಬೇಕಾಯಿತು. ದಾರಿ ಏನು? ಆ ಔಷಧಿಯನ್ನು ಸಿರಿಂಜಿಗೆ ತುಂಬಲೇಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಹಾಕಿ. ಚೀಲವನ್ನು ಬೆನ್ನಿಗೆ ಚುಚ್ಚಲು ಯಾರ ಕೈಯೂ ಹೋಗೋದಿಲ್ಲ. ಒಬ್ಬನನ್ನು ಜೈಲಿಗೆ ಹಾಕಿದ್ದರಿಂದ ಆಗದ ಕೆಲಸವನ್ನು ಒಂದು ಪ್ಲಾಸ್ಟಿಕ್ ಚೀಲ ಮಾಡುತ್ತದೆ.

ನಮ್ಮ ಬಳ್ಳಾರಿಯನ್ನೂ ಮರೆಯಬಾರದು. 2024ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ಕಾಯಿಲೆ ಬಿದ್ದರು, ಐವರು ತೀರಿಕೊಂಡರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ಡ್ರಿಪ್ ಬಾಟ್ಲಿಯ ಮೇಲೆ. ಸರ್ಕಾರ ಆ ಕಂಪನಿಯ ದ್ರಾವಣ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಇದು ನರ್ಸಿನ ಕೈತಪ್ಪಲ್ಲ. ಆದರೂ ಇಲ್ಲಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಒಬ್ಬ ಬಾಣಂತಿ ಸತ್ತರೆ ನಮ್ಮ ಜನ ಹಣೆಬರಹ ಅನ್ನುತ್ತಾರೆ. ಐದು ಸಾವು ಒಂದೇ ಕಡೆ ಬಿದ್ದದ್ದರಿಂದ ಅದು ಪ್ರಶ್ನೆಯಾಯಿತು. ಅದೇ ಐದು ಸಾವು ಐದು ತಾಲ್ಲೂಕುಗಳಲ್ಲಿ ಹರಿದು ಹಂಚಿಹೋಗಿದ್ದರೆ? ವಾರ್ಡಿನಿಂದ ವಾರ್ಡಿಗೆ ಸುದ್ದಿ ಮುಟ್ಟಿಸುವ ದಾರಿ ಇಲ್ಲದಿದ್ದರೆ ಐದೂ ಹಣೆಬರಹಗಳಾಗಿ ಮಣ್ಣು ಸೇರುತ್ತಿದ್ದವು.

5

ಆದ್ದರಿಂದ ನಮ್ಮವರಲ್ಲಿ ಕೆಲವರು ಹೇಳುವ ಒಂದು ಮಾತನ್ನು ನಾನು ಒಪ್ಪಲಾರೆ. 'ನರ್ಸು ದುಡಿಯುವವಳು, ಅವಳು ನಮ್ಮವಳು. ವ್ಯವಸ್ಥೆಯ ತಪ್ಪಿಗೆ ಅವಳು ಯಾಕೆ ಬಾಯಿಬಿಡಬೇಕು? ಮುಚ್ಚಿಡಲಿ ಬಿಡಿ.' ಕೇಳಲು ಇದು ಬಂಡಾಯದ ಮಾತಿನ ಹಾಗಿದೆ. ಆದರೆ ಮಂಚದ ಮೇಲೆ ಮಲಗಿರುವವರು ಯಾರು? ಶ್ರೀಮಂತರು ಜನರಲ್ ವಾರ್ಡಿಗೆ ಬರೋದಿಲ್ಲ. ಕೂಲಿಯವನು, ಗಾರೆಯವನು, ಪೌರಕಾರ್ಮಿಕಳು, ಹೊಲ ಇಲ್ಲದವನು ಅಲ್ಲಿ ಮಲಗಿದ್ದಾನೆ. ತನ್ನ ಮೈಗೆ ಏನು ಇಳಿಯುತ್ತಿದೆ ಅಂತ ಓದಲು ಬಾರದವನು, ಓದಲು ಬಂದರೂ ಇಂಗ್ಲಿಷಿನಲ್ಲಿ ಬರೆದಿರುವುದರಿಂದ ಕುರುಡನಾದವನು. ಅವನೂ ನಮ್ಮವನೇ. ನಮ್ಮವಳನ್ನು ಉಳಿಸಲು ನಮ್ಮವನನ್ನೇ ಬಲಿ ಕೊಡುವುದು ಯಾವ ಬಂಡಾಯ? ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿ, ಟೆಂಡರಿನವನು, ಹುದ್ದೆ ತುಂಬದವನು, ಹನ್ನೆರಡು ಗಂಟೆ ಡ್ಯೂಟಿ ಹಾಕಿದವನು ಆಚೆ ನಿಂತು ನೋಡುತ್ತಾನೆ. ಮುಚ್ಚಿಡೋದರಿಂದ ಉಳಿಯುವವನು ಅವನೇ.

ಹೇಳಲೇಬೇಕು. ಆದರೆ ಹೇಳುವ ಭಾರವನ್ನು ಒಬ್ಬಳ ಹೆಗಲ ಮೇಲೆ ಹೊರಿಸಬಾರದು. ಇದು ನನ್ನ ವಾದ.

ನಾವೆಲ್ಲ ಪುಣ್ಯಕೋಟಿಯ ಹಾಡು ಕೇಳಿ ಬೆಳೆದವರು. ಮೇಷ್ಟ್ರುಗಳು ಇವತ್ತಿಗೂ ಅದನ್ನು ಕಣ್ಣೀರು ತರಿಸುವ ಹಾಗೆ ಹೇಳುತ್ತಾರೆ. ಹಸು ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಾಯಿಗೆ ವಾಪಸು ಹೋಗುತ್ತದೆ, ಹುಲಿಯ ಮನಸ್ಸು ಕರಗುತ್ತದೆ. ಹಾಡು ಚೆನ್ನಾಗಿದೆ. ಅದರ ನೀತಿಯನ್ನು ಮಾತ್ರ ಸ್ವಲ್ಪ ತಿರುಗಿಸಿ ನೋಡಬೇಕು. ಸತ್ಯದ ಹೊರೆಯೆಲ್ಲ ಹಸುವಿನ ಮೇಲಿದೆ. ಹುಲಿ ಏನೂ ಮಾತು ಕೊಟ್ಟಿರಲಿಲ್ಲ. ಹುಲಿಯ ಮನಸ್ಸು ಕರಗಿತು, ಹಸು ಉಳಿಯಿತು. ಕರಗದಿದ್ದರೆ? ಕರುವಿನ ಗತಿ ಏನು? ಹಾಡು ಆ ಕಡೆಗೆ ಹೋಗೋದೇ ಇಲ್ಲ. ಹರಿಶ್ಚಂದ್ರನಿಗೂ ಕೊನೆಯಲ್ಲಿ ರಾಜ್ಯ ವಾಪಸು ಕೊಡಲು ದೇವರುಗಳು ಬಂದರು. ಗುತ್ತಿಗೆ ನರ್ಸಿಗೆ ಆರ್ಡರ್ ವಾಪಸು ಕೊಡಲು ಯಾವ ದೇವರು ಬರುತ್ತಾನೆ? ನ್ಯಾಶ್‌ವಿಲ್ಲಿನಲ್ಲಿ ಹುಲಿಯ ಮನಸ್ಸು ಕರಗಲಿಲ್ಲ.

ಒಬ್ಬ ಮನುಷ್ಯನ ಧೈರ್ಯದ ಮೇಲೆ ನಿಂತ ಸತ್ಯ ಒಂದು ದಿನ ನಿಲ್ಲುತ್ತದೆ, ಹತ್ತು ದಿನ ಬೀಳುತ್ತದೆ. ದಿನವೂ ಹೇಳಬೇಕಾದ ಸತ್ಯಕ್ಕೆ, ವಾರ್ಡಿನ ಸತ್ಯಕ್ಕೆ, ವೀರರು ಬೇಕಾಗಬಾರದು. ಹೆದರುವ ಹುಡುಗಿಯೂ, ಸಾಲ ಇರುವ ಹುಡುಗನೂ ಹೇಳುವ ಹಾಗಿರಬೇಕು. ಸತ್ಯ ಹೇಳು ಅಂತ ಉಪದೇಶ ಮಾಡುವವರಿಗೆ ಒಂದು ಹೊಣೆ ಇದೆ: ಮೊದಲು ಹುಲಿಯನ್ನು ಕಟ್ಟಿಹಾಕಿ, ಆಮೇಲೆ ಹಸುವನ್ನು ಕರೆಯಿರಿ.

6

ಇದು ಕವಿಯ ಕನಸಲ್ಲ. ಮಾಡಿದವರಿದ್ದಾರೆ. ಅಮೆರಿಕದಲ್ಲಿ 1976ರಿಂದ ವಿಮಾನದ ಪೈಲಟ್ಟುಗಳು ತಮ್ಮ ತಪ್ಪುಗಳನ್ನು ತಾವೇ ಬರೆದು ಕಳಿಸುವ ಒಂದು ಪದ್ಧತಿ ಇದೆ. ಆ ಕಾಗದ ಹೋಗುವುದು ಶಿಕ್ಷೆ ಕೊಡುವ ಇಲಾಖೆಗಲ್ಲ, ಬಾಹ್ಯಾಕಾಶ ಸಂಸ್ಥೆ ನಾಸಾಗೆ. ಅಲ್ಲಿ ಹೆಸರು ಕತ್ತರಿಸಿ ಪಾಠ ಮಾತ್ರ ಉಳಿಸಿಕೊಳ್ಳುತ್ತಾರೆ. ಬೇಕೆಂದು ಮಾಡದ ತಪ್ಪನ್ನು ಹತ್ತು ದಿನದೊಳಗೆ ಬರೆದು ಕಳಿಸಿದವನಿಗೆ ದಂಡದಿಂದ ರಕ್ಷಣೆ ಇದೆ. ಡೆನ್ಮಾರ್ಕ್ ದೇಶ ಇದನ್ನೇ ಆಸ್ಪತ್ರೆಗೆ ತಂದಿತು. 2004ರ ಜನವರಿಯಿಂದ ಅಲ್ಲಿ ಆರೋಗ್ಯ ಸಿಬ್ಬಂದಿ ತಪ್ಪುಗಳನ್ನು ವರದಿ ಮಾಡಲೇಬೇಕು. ಹಾಗೆ ವರದಿ ಮಾಡಿದ್ದಕ್ಕಾಗಿ ಅವರ ಮೇಲೆ ಮಾಲೀಕನಾಗಲಿ, ಇಲಾಖೆಯಾಗಲಿ, ಕೋರ್ಟಾಗಲಿ ಕ್ರಮ ತೆಗೆದುಕೊಳ್ಳುವ ಹಾಗಿಲ್ಲ. ಕರ್ತವ್ಯ ಮತ್ತು ರಕ್ಷಣೆ ಒಂದೇ ಕಾನೂನಿನಲ್ಲಿ ಜೋಡೆತ್ತಿನ ಹಾಗೆ ಕಟ್ಟಿದ್ದಾರೆ. ನಮ್ಮಲ್ಲಿ ಕರ್ತವ್ಯದ ಎತ್ತು ಮಾತ್ರ ನೊಗದಲ್ಲಿದೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಔಷಧಿಯಿಂದಾಗುವ ಕೆಟ್ಟ ಪರಿಣಾಮ ದಾಖಲಿಸಲು 2010ರಲ್ಲಿ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ. ಅದರ ಫಾರಮ್ಮಿನಲ್ಲೇ, ವರದಿ ಮಾಡಿದ ಮಾತ್ರಕ್ಕೆ ಸಿಬ್ಬಂದಿ ತಪ್ಪು ಒಪ್ಪಿಕೊಂಡ ಹಾಗಲ್ಲ ಅಂತ ಅಚ್ಚು ಹಾಕಿದ್ದಾರೆ. ಒಳ್ಳೆಯದು. ರೋಗಿಯ ಸುರಕ್ಷತೆಗೆ 2018ರಿಂದ 2025ರವರೆಗಿನ ರಾಷ್ಟ್ರೀಯ ಚೌಕಟ್ಟು ಅಂತ ಒಂದು ದಾಖಲೆಯೂ ಬಂತು. ಆದರೆ ಫಾರಮ್ಮಿನ ಸಾಲು ಮೆಮೊವನ್ನು ತಡೆಯೋದಿಲ್ಲ, ಚೌಕಟ್ಟು ಗುತ್ತಿಗೆಯನ್ನು ಮುಂದುವರಿಸೋದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ, ಎಷ್ಟೇ ಚಿಕ್ಕ ಖಾಸಗಿ ಆಸ್ಪತ್ರೆಯಾದರೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂದಿತು. ಅದು ಕೈಗೆ ಬರುತ್ತಿದೆಯಾ ಅಂತ ನಿಮ್ಮೂರಿನ ನರ್ಸಿಂಗ್ ಹೋಮಿನ ಹುಡುಗಿಯನ್ನು ಕೇಳಿ. ಸಂಬಳ ಕೇಳಲು ಹೆದರುವವಳು ತಪ್ಪು ಹೇಳಲು ಹೆದರದೆ ಇರುತ್ತಾಳೆಯೇ?

ಇಲ್ಲಿ ನನ್ನ ವಾದಕ್ಕೆ ಎದುರಾಗಿ ಒಂದು ಮಾತು ಏಳುತ್ತದೆ. ಸತ್ತವಳ ಮಗ ಬಂದು ಕೇಳುತ್ತಾನೆ: 'ನಿಮ್ಮ ನಿಮ್ಮಲ್ಲಿ ಕಾಗದ ಬರ್ಕೊಂಡ್ರೆ ಮುಗೀತಾ? ಶಿಕ್ಷೆಯೂ ಇಲ್ಲ, ಹೆಸರೂ ಇಲ್ಲ. ನಮ್ಮವ್ವ ಯಾಕೆ ಸತ್ತಳು ಅಂತ ನಮಗೆ ಹೇಳೋರು ಯಾರು?' ಈ ಪ್ರಶ್ನೆಯನ್ನು ದಾಟಿ ಹೋಗುವ ಹಾಗಿಲ್ಲ. ಮನೆಯವರಿಗೆ ಹೇಳದ ವರದಿ ಬೀಗ ಹಾಕಿದ ಗರ್ಭಗುಡಿ ಇದ್ದ ಹಾಗೆ. ಒಳಗಿನವರಿಗೆ ಮಂತ್ರ, ಹೊರಗಿನವರಿಗೆ ಗಂಟೆಯ ಸದ್ದು. ಜ್ಞಾನವನ್ನು ಹಾಗೆ ಬಚ್ಚಿಟ್ಟವರ ಕೈಯಲ್ಲಿ ನಾವು ಸಾವಿರಾರು ವರ್ಷ ನರಳಿದ್ದೇವೆ, ಇನ್ನೊಂದು ಗರ್ಭಗುಡಿ ಕಟ್ಟುವುದು ಬೇಡ. ನ್ಯಾಶ್‌ವಿಲ್ಲಿನ ಆಸ್ಪತ್ರೆ ಮಾಡಿದ್ದು ಅದನ್ನೇ. ಹೇಳಿದವಳಿಗೆ ರಕ್ಷಣೆ ಎಷ್ಟು ಮುಖ್ಯವೋ, ಸತ್ತವರ ಮನೆಗೆ ಅವರ ಮಾತಿನಲ್ಲಿ ಅದೇ ದಿನ ನಿಜ ತಿಳಿಸುವುದು, ಅವರಿಗೆ ಪರಿಹಾರ ಕೊಡುವುದು ಅಷ್ಟೇ ಮುಖ್ಯ. ಅದನ್ನು ತಿಳಿಸಬೇಕಾದದ್ದು ಆ ರಾತ್ರಿಯ ನರ್ಸು ಒಬ್ಬಳೇ ಅಲ್ಲ, ಆಸ್ಪತ್ರೆ. ಕುಡಿದು ಡ್ಯೂಟಿಗೆ ಬಂದವನಿಗೆ, ಗೊತ್ತಿದ್ದೂ ದಾಖಲೆ ತಿದ್ದಿದವನಿಗೆ, ಕಳಪೆ ಅಂತ ತಿಳಿದೂ ಔಷಧಿ ಕೊಂಡವನಿಗೆ ಈ ರಕ್ಷಣೆ ಇಲ್ಲ. ಕೈತಪ್ಪಿಗೂ ಕೈವಾಡಕ್ಕೂ ವ್ಯತ್ಯಾಸ ತಿಳಿಯದಷ್ಟು ದಡ್ಡರಲ್ಲ ನಾವು.

7

ಹಾಗಾದರೆ ನಾವು ಕೇಳಬೇಕಾದ್ದು ಏನು?

ಪ್ರತಿ ವಾರ್ಡಿನಲ್ಲೂ ಒಂದು ಪುಸ್ತಕ ಇರಬೇಕು. ಆದ ತಪ್ಪು, ಸ್ವಲ್ಪದರಲ್ಲಿ ತಪ್ಪಿಹೋದ ತಪ್ಪು ಎರಡನ್ನೂ ಅದರಲ್ಲಿ ಬರೆಯುವ ಹಾಗಿರಬೇಕು. ಡಾಕ್ಟರಿನಿಂದ ಹಿಡಿದು ಆಯಾವರೆಗೆ ಯಾರು ಬೇಕಾದರೂ ಬರೆಯಬಹುದು, ಕನ್ನಡದಲ್ಲಿ ಬರೆಯಬಹುದು, ಹೆಸರು ಹಾಕದೆಯೂ ಬರೆಯಬಹುದು. ತಪ್ಪಿನ ಪಕ್ಕದಲ್ಲೇ ಇನ್ನೆರಡು ಕಾಲಂ ಇರಲಿ: ಆ ಹೊತ್ತಿಗೆ ಡ್ಯೂಟಿ ಎಷ್ಟನೇ ಗಂಟೆಗೆ ಬಂದಿತ್ತು, ಒಬ್ಬ ನರ್ಸಿಗೆ ಎಷ್ಟು ರೋಗಿಗಳಿದ್ದರು. ಆ ಎರಡು ಅಂಕಿ ತುಂಬಿದ ದಿನ ತಪ್ಪಿನ ದಾಖಲೆ ಸರ್ಕಾರದ ಮೇಲಿನ ದಾಖಲೆಯೂ ಆಗುತ್ತದೆ. ಮೇಲಿನವರು ಈ ಪುಸ್ತಕಕ್ಕೆ ಯಾಕೆ ಹೆದರುತ್ತಾರೆ ಅಂತ ಆಗ ಗೊತ್ತಾಗುತ್ತದೆ.

ಆ ಪುಸ್ತಕವನ್ನು ಓದುವವರು ಮೆಮೊ ಬರೆಯುವವರಾಗಿರಬಾರದು. ಹೇಳಿದವರ ಕೆಲಸ, ಗುತ್ತಿಗೆ, ಲೈಸೆನ್ಸು ಹೋಗಬಾರದು ಅಂತ ಕಾನೂನು ಬರಬೇಕು. ನ್ಯಾಯ ಸಂಹಿತೆಯ 106ನೇ ಕಲಮಿನ ರಿಯಾಯಿತಿ ಒಂದೋ ಎಲ್ಲರಿಗೂ ಇರಲಿ, ಇಲ್ಲವೋ ಯಾರಿಗೂ ಬೇಡ. ಖಾಲಿ ಹುದ್ದೆ ತುಂಬಲಿ. ಒಂದೇ ಥರದ ಸೀಸೆಗಳು ಒಂದೇ ಟ್ರೇಯಲ್ಲಿ ಇರುವುದು ನಿಲ್ಲಲಿ. ರೋಗಿಗೆ ಏನು ಕೊಡುತ್ತಿದ್ದೇವೆ ಅಂತ ಅವನ ಭಾಷೆಯಲ್ಲಿ ಹೇಳಿಯೇ ಕೊಡಲಿ.

ಇದನ್ನು ಓದುತ್ತಿರುವ ಗೆಳೆಯರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಕೇರಿಯವರ ಜೊತೆ ಆಸ್ಪತ್ರೆಗೆ ಹೋಗುವ ಓದಿದ ಮಕ್ಕಳು ನಾವೇ. ಚೀಟಿ ಓದುವವರು ನಾವೇ. 'ಸಿಸ್ಟರ್, ಇದು ಯಾವ ಔಷಧಿ, ಯಾತಕ್ಕೆ?' ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ಜಗಳದ ದನಿ ಬೇಡ. ಎರಡನೆಯ ಜೊತೆ ಕಣ್ಣು ಸಿಕ್ಕರೆ ಅವಳಿಗೂ ಅನುಕೂಲವೇ. ಔಷಧಿಯಿಂದ ತೊಂದರೆಯಾದರೆ ರೋಗಿಯೇ ವರದಿ ಮಾಡಬಹುದು, ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ನಂಬರು 1800-180-3024. ಇದನ್ನು ಶಾಲೆಯ ಗೋಡೆಯ ಮೇಲೆ ಬರೆಸಿ. ಮತ್ತೆ, ತಪ್ಪಾಯಿತು ಅಂದ ಕೂಡಲೆ ಕಲ್ಲು ಹಿಡಿದು ಆಸ್ಪತ್ರೆಗೆ ನುಗ್ಗುವ ನಮ್ಮ ಹುಡುಗರನ್ನು ತಡೆಯಿರಿ. ಆ ಕಲ್ಲು ಟೆಂಡರಿನವನ ಮನೆಗೆ ಮುಟ್ಟೋದಿಲ್ಲ. ರಾತ್ರಿ ಪಾಳಿಯ ನರ್ಸಿನ ತಲೆಗೆ ಬೀಳುತ್ತದೆ, ಮರುದಿನದಿಂದ ಆ ವಾರ್ಡಿನಲ್ಲಿ ಯಾರೂ ಯಾವ ತಪ್ಪನ್ನೂ ಹೇಳೋದಿಲ್ಲ.

ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. 2022ರಲ್ಲಿ ಅದರ ವಿಷಯ ಔಷಧಿಯ ಸುರಕ್ಷತೆಯೇ ಆಗಿತ್ತು. ಆವತ್ತು ಆಸ್ಪತ್ರೆಗಳಲ್ಲಿ ಬ್ಯಾನರ್ ಕಟ್ಟುತ್ತಾರೆ, ದೀಪ ಹಚ್ಚುತ್ತಾರೆ. ಈ ಸಲ ನಿಮ್ಮ ಸಂಘದ ನಾಲ್ಕು ಜನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನರ್ಸುಗಳನ್ನೂ ಆಯಾಗಳನ್ನೂ ಜೊತೆಗೆ ಕರೆದುಕೊಳ್ಳಿ. ದೀಪ ಹಚ್ಚಿದ ಸಾಹೇಬರನ್ನು ಎರಡೇ ಮಾತು ಕೇಳಿ: ತಪ್ಪು ಬರೆಯುವ ಪುಸ್ತಕ ಎಲ್ಲಿದೆ? ಅದರಲ್ಲಿ ಬರೆದವರಿಗೆ ಏನಾಯಿತು?